ಬಿಗಿ ಮಾಡಿದಷ್ಟೂ ನಡುಗುವ ರೋಟರ್

ಪ್ರಶ್ನೆ: ನಾವು ಹುಬ್ಬಳ್ಳಿಯ ಮೂವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಹೋದ ವರ್ಷ 1.2 ಮೀಟರ್ ವ್ಯಾಸದ ರೋಟರ್ (ಮೇಲೆ ತಿರುಗುವ ರೆಕ್ಕೆಗಳ ಜೋಡಣೆ) ಇರುವ ಪುಟ್ಟ ಹೆಲಿಕಾಪ್ಟರ್ ಮಾದರಿಯನ್ನು ಮಾಡಿದೆವು. ಅದರ ಬ್ಲೇಡುಗಳು ಬಿದಿರಿನ ದಬ್ಬೆಯವು. ಅದು ಸೊಗಸಾಗಿ ಹಾರಿತು. ಆ ಧೈರ್ಯದ ಮೇಲೆ ಒಬ್ಬರು ಕೂರುವಂತಹ ಯಂತ್ರವನ್ನು ಕಟ್ಟಿದ್ದೇವೆ. ರೋಟರ್ 6 ಮೀಟರ್; ಮರದ ಎರಡು ಬ್ಲೇಡ್, ತಲಾ 8 ಕಿಲೊ, ಅಗಲ 18 ಸೆಂಟಿಮೀಟರ್. ಎಂಜಿನ್ 50 ಅಶ್ವಶಕ್ತಿಯದು. ಆಳು ಸೇರಿ ಒಟ್ಟು ತೂಕ 300 ಕಿಲೊ. ಬ್ಲೇಡುಗಳ ಬುಡಕ್ಕೆ ಉಕ್ಕಿನ ಪಟ್ಟಿ ಕೂಡಿಸಿ, ಪಟ್ಟಿಯನ್ನು ಹಬ್‌ಗೆ, ಅಂದರೆ ಬ್ಲೇಡುಗಳು ಕೂಡುವ ನಡುವಿನ ಭಾಗಕ್ಕೆ, ನೇರವಾಗಿ ವೆಲ್ಡ್ ಮಾಡಿದ್ದೇವೆ. ನಿಮಿಷಕ್ಕೆ 500 ಸುತ್ತು ಎಂದು ಲೆಕ್ಕ ಹಾಕಿದ್ದೆವು. ಹಗ್ಗದಿಂದ ನೆಲಕ್ಕೆ ಕಟ್ಟಿ, ನಮ್ಮಲ್ಲಿ ಒಬ್ಬರು ಸೀಟಿನಲ್ಲಿ ಕುಳಿತು ತಿರುಗಿಸಿದಾಗ 400 ಸುತ್ತಿನ ಹತ್ತಿರ ಇಡೀ ಚೌಕಟ್ಟು ನಡುಗಿತು. ಮೊಬೈಲ್ ಆ್ಯಪ್ ಸೆಕೆಂಡಿಗೆ 6.7 ಕಂಪನ ಎಂದು ತೋರಿಸಿತು. ಆಂಗಲ್ ಹಾಕಿ ಚೌಕಟ್ಟನ್ನು ಬಿಗಿ ಮಾಡಿದ ಮೇಲೆ ನಡುಕ 460 ಸುತ್ತಿಗೆ ಸರಿಯಿತು, ಆ್ಯಪ್‌ನಲ್ಲಿ 7.7. ಆದರೆ 500ರಲ್ಲಿ ಮೊದಲಿಗಿಂತ ಜಾಸ್ತಿ ನಡುಗುತ್ತಿದೆ. ಯಂತ್ರ ಒಂದು ಗೇಣು ಎದ್ದು ಅಲ್ಲೇ ನಿಲ್ಲುತ್ತದೆ. ಬ್ಲೇಡಿನ ಕೋನವನ್ನು ಹೆಚ್ಚಿಸಿದರೆ ಸುತ್ತು 430ಕ್ಕೆ ಇಳಿಯುತ್ತದೆ. ಈಗ ಬುಡದ ವೆಲ್ಡಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ. ಇನ್ನೂ ದಪ್ಪ ಪಟ್ಟಿ ಹಾಕಬೇಕೆ? ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರಿಗೂ ಕೀಲಿಲ್ಲದ ರೋಟರ್ ಎಂದು ಓದಿದ್ದೇವೆ, ಅದು ಹೇಗೆ ಹಾರುತ್ತದೆ?

ಉತ್ತರ: ಮೊದಲು ಎಂಜಿನ್ ಆರಿಸಿ, ಕೀಲಿಕೈಯನ್ನು ಮನೆಯ ಹಿರಿಯರೊಬ್ಬರಿಗೆ ಕೊಟ್ಟುಬಿಡಿ. ಉಳಿದ ಮಾತು ಆಮೇಲೆ.

ಗದರಿಸಲೆಂದು ಹೇಳುತ್ತಿಲ್ಲ, ಲೆಕ್ಕ ಮಾಡಿ ಹೇಳುತ್ತಿದ್ದೇನೆ. 8 ಕಿಲೊ ಬ್ಲೇಡಿನ ಭಾರಕೇಂದ್ರ ಹಬ್‌ನಿಂದ ಒಂದೂವರೆ ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 500 ಸುತ್ತಿನಲ್ಲಿ ಅದು ತನ್ನ ಬುಡವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 3,300 ಕಿಲೊ ಭಾರದಷ್ಟು. ಒಂದು ಹೆಣ್ಣಾನೆಯನ್ನು ಆ ವೆಲ್ಡಿಂಗ್‌ಗೆ ನೇತುಹಾಕಿದಂತೆ. ಅದೇ ವೆಲ್ಡಿಂಗ್‌ನಲ್ಲಿ ಬಿರುಕು ಕಾಣಿಸಿದೆ, ಅದರ ಕೆಳಗೆ ನಿಮ್ಮ ಗೆಳೆಯ ಕುಳಿತಿದ್ದಾನೆ. ಬ್ಲೇಡು ಕಿತ್ತರೆ ಅದು ಕವಣೆಯಿಂದ ಬಿಟ್ಟ ಕಲ್ಲು. ಹಗ್ಗ ಕಟ್ಟಿದ್ದು ಯಂತ್ರಕ್ಕೆ, ಬ್ಲೇಡಿಗಲ್ಲ. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಹಳ್ಳಿಯೊಂದರಲ್ಲಿ, ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದ ಯುವಕನೊಬ್ಬ ಮುರಿದ ಬ್ಲೇಡು ತಲೆಗೆ ಬಡಿದು ಸತ್ತ. ಯಂತ್ರ ಆಗ ಆಕಾಶದಲ್ಲಿರಲಿಲ್ಲ, ನೆಲದ ಮೇಲೇ ಇತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೇಲೇಳುತ್ತಿಲ್ಲ ಎನ್ನುವುದು ಒಂದು ತೊಂದರೆ, ನಡುಗುತ್ತದೆ ಎನ್ನುವುದು ಇನ್ನೊಂದು ಎಂದು ಬೇರೆ ಬೇರೆಯಾಗಿ ಬರೆದಿದ್ದೀರಿ. ರೋಟರಿಗೆ ಅವು ಬೇರೆಯಲ್ಲ. ಬ್ಲೇಡಿನ ಮೇಲೆ ಗಾಳಿ ಹಾಕುವ ಬಲ ಒಂದು ಸುತ್ತಿನ ಉದ್ದಕ್ಕೂ ಏರಿಳಿಯುತ್ತಿರುತ್ತದೆ. ಅದರ ಸರಾಸರಿ ನಿಮ್ಮನ್ನು ಮೇಲಕ್ಕೆತ್ತುತ್ತದೆ, ಏರಿಳಿತ ನಿಮ್ಮನ್ನು ನಡುಗಿಸುತ್ತದೆ. ನಾಲ್ಕು ದಶಕ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಎತ್ತುವ ಬಲದ ಲೆಕ್ಕವನ್ನು ಒಬ್ಬರಿಗೂ ಕಂಪನದ ಲೆಕ್ಕವನ್ನು ಇನ್ನೊಬ್ಬರಿಗೂ ಹಂಚಿಕೊಟ್ಟ ಯಾವ ತಂಡವೂ ನೆಮ್ಮದಿಯಾಗಿದ್ದುದನ್ನು ನೋಡಿಲ್ಲ.

ನಿಮ್ಮ ಕತೆ ನೂರು ವರ್ಷ ಹಳೆಯದು ಎಂದರೆ ಸ್ವಲ್ಪ ಸಮಾಧಾನವಾದೀತು. ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ ಎಂಬ ಎಂಜಿನಿಯರ್ ಕಟ್ಟಿದ್ದ ಮೂರು ಎಂಜಿನ್‌ಗಳ ವಿಮಾನ 1919ರಲ್ಲಿ ವೇಗ ಕಳೆದುಕೊಂಡು ಬಿತ್ತು. ವಿಮಾನ ನಿಧಾನವಾದರೂ ರೆಕ್ಕೆ ನಿಧಾನವಾಗಬಾರದು, ಹಾಗಾದರೆ ರೆಕ್ಕೆಯನ್ನೇ ತಿರುಗಿಸಿಬಿಡೋಣ ಎಂದು ಆತ ಹೊರಟ. ಅದೇ ಆಟೊಜೈರೊ. ಅವನ ಮೊದಲ ಮೂರು ಯಂತ್ರಗಳೂ ಓಡುವ ಹೊತ್ತಿಗೆ ಒಂದು ಪಕ್ಕಕ್ಕೆ ವಾಲಿದವು, ಮಗುಚಿದವು. ಕಾರಣ ಸರಳ. ಯಂತ್ರ ಮುಂದಕ್ಕೆ ಹೋಗುವಾಗ ಒಂದು ಬದಿಯ ಬ್ಲೇಡು ಎದುರುಗಾಳಿಗೆ ಮುಖಕೊಟ್ಟು ಬರುತ್ತದೆ, ಇನ್ನೊಂದು ಬದಿಯದು ಗಾಳಿಗೆ ಬೆನ್ನು ಹಾಕಿ ಹೋಗುತ್ತದೆ. ನಿಮ್ಮದೇ ರೋಟರನ್ನು ತೆಗೆದುಕೊಳ್ಳಿ: ಬ್ಲೇಡಿನ ತುದಿಯ ವೇಗ ಸೆಕೆಂಡಿಗೆ 157 ಮೀಟರ್. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಾರಿದರೆ ಮುಂಬರುವ ತುದಿಗೆ ಗಾಳಿ 185ರಲ್ಲಿ ಬಡಿಯುತ್ತದೆ, ಹಿಂಜರಿಯುವ ತುದಿಗೆ 129ರಲ್ಲಿ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ತುದಿಯ ಹತ್ತಿರ ಆ ಬದಿಗೆ ಈ ಬದಿಯ ಎರಡರಷ್ಟು ಬಲ. ಮಗುಚದೆ ಇನ್ನೇನು?

ಆದರೆ ಸಿಯೆರ್ವಾನ ಚಿಕ್ಕ ಮಾದರಿ ಮಾತ್ರ ನಿಮ್ಮ ಮಾದರಿಯ ಹಾಗೆಯೇ ಚೆನ್ನಾಗಿ ಹಾರುತ್ತಿತ್ತು. ಆಕಾರ ಅದೇ, ಲೆಕ್ಕ ಅದೇ, ಆದರೂ ಒಂದು ಹಾರುತ್ತದೆ, ಒಂದು ಮಗುಚುತ್ತದೆ. ತಲೆ ಕೆಡಿಸಿಕೊಂಡು ಕೊನೆಗೆ ಕಂಡುಕೊಂಡ ವ್ಯತ್ಯಾಸ ಇಷ್ಟೇ: ಮಾದರಿಯ ಬ್ಲೇಡುಗಳನ್ನು ಬೆತ್ತದಿಂದ ಮಾಡಿದ್ದ. ಬೆತ್ತ ಬಳುಕುತ್ತದೆ. ಬಲ ಹೆಚ್ಚಾದ ಬದಿಯಲ್ಲಿ ಬ್ಲೇಡು ತಾನೇ ಮೇಲೇಳುತ್ತಿತ್ತು. ಮೇಲೇಳುವ ಬ್ಲೇಡಿಗೆ ಗಾಳಿ ಮೇಲಿನಿಂದ ಬಂದಂತಾಗಿ ಅದು ಗಾಳಿಗೆ ಒಡ್ಡಿದ ಕೋನ ಕಡಿಮೆಯಾಗುತ್ತಿತ್ತು, ಬಲ ಇಳಿಯುತ್ತಿತ್ತು. ಇನ್ನೊಂದು ಬದಿಯಲ್ಲಿ ಬ್ಲೇಡು ಕೆಳಗಿಳಿದು ಬಲ ಹೆಚ್ಚಿಸಿಕೊಳ್ಳುತ್ತಿತ್ತು. ಯಾರೂ ಹೇಳದೆಯೇ ತಕ್ಕಡಿ ಸಮವಾಗುತ್ತಿತ್ತು. ದೊಡ್ಡ ಯಂತ್ರದ ಬಿಗಿ ಬ್ಲೇಡಿಗೆ ಆ ಸ್ವಾತಂತ್ರ್ಯವೇ ಇರಲಿಲ್ಲ. ಸಿಯೆರ್ವಾ ಪ್ರತಿ ಬ್ಲೇಡಿನ ಬುಡಕ್ಕೂ ಮೇಲೆ ಕೆಳಗೆ ಆಡುವ ಒಂದು ಕೀಲು ಹಾಕಿದ. ಆ ನಾಲ್ಕನೆಯ ಯಂತ್ರ, ಸಿ-4, ಮ್ಯಾಡ್ರಿಡ್ ಬಳಿಯ ಹೆಟಾಫೆಯಲ್ಲಿ 1923ರ ಜನವರಿಯಲ್ಲಿ ನೆಟ್ಟಗೆ ಹಾರಿತು. ಇಂದಿನ ಬಹುತೇಕ ಹೆಲಿಕಾಪ್ಟರುಗಳ ಹಬ್‌ನಲ್ಲೂ ಆ ಕೀಲೋ ಅದರ ವಂಶದ ಇನ್ನೊಂದೋ ಕುಳಿತಿದೆ.

ನಿಮ್ಮ ಬಿದಿರಿನ ದಬ್ಬೆಯೇ ಆ ಬೆತ್ತ. ಮಾದರಿ ಹಾರಿದ್ದು ನಿಮ್ಮ ವಿನ್ಯಾಸದಿಂದಲ್ಲ, ದಬ್ಬೆಯ ಗುಣದಿಂದ. ಬೇಸರ ಮಾಡಿಕೊಳ್ಳಬೇಡಿ, ಸಿಯೆರ್ವಾಗೂ ಹಾಗೇ ಆಗಿತ್ತು. ಮಲೆನಾಡಿನ ಕಡೆ ಹೋಗಿ ಗಾಳಿಯ ದಿನ ಅಡಕೆ ತೋಟವನ್ನು ನೋಡಿ. ಅಷ್ಟು ಸಣ್ಣ ಕಾಂಡದ ಅಡಕೆ ಮರ ಮಾರುಗಟ್ಟಲೆ ತೂಗಾಡಿ ಮತ್ತೆ ನೆಟ್ಟಗಾಗುತ್ತದೆ. ನೀವು ಬ್ಲೇಡನ್ನು ಕಲ್ಲುಕಂಬ ಮಾಡಿದ್ದೀರಿ.

ಬಿರುಕು ಎಲ್ಲಿಂದ ಬಂತು ಎಂದು ಈಗ ನೋಡಬಹುದು. 300 ಕಿಲೊ ಎತ್ತಬೇಕಾದರೆ ಪ್ರತಿ ಬ್ಲೇಡಿಗೆ 150 ಕಿಲೊ ಪಾಲು. ಆ ಬಲ ಬ್ಲೇಡನ್ನು ಮೇಲಕ್ಕೆ ಬಾಗಿಸುತ್ತದೆ, ತಿರುಗಾಟದ ಎಳೆತ ಅದನ್ನು ನೇರಕ್ಕೆ ಎಳೆಯುತ್ತದೆ. ಬುಡದಲ್ಲಿ ಕೀಲಿದ್ದರೆ ಎರಡೂ ಒಪ್ಪಂದಕ್ಕೆ ಬಂದು ಬ್ಲೇಡು ಸುಮಾರು ಎರಡೂವರೆಯಿಂದ ಮೂರು ಡಿಗ್ರಿ ಮೇಲೆದ್ದು ನಿಲ್ಲುತ್ತದೆ. ಅಂದರೆ ತುದಿ ಹೆಚ್ಚುಕಡಿಮೆ 14 ಸೆಂಟಿಮೀಟರ್ ಮೇಲೆ. ನೀವು ಅದನ್ನು ಮಟ್ಟಸವಾಗಿ ವೆಲ್ಡ್ ಮಾಡಿದ್ದೀರಿ. ಆ ಒಪ್ಪಂದದ ಭಾರವನ್ನೆಲ್ಲ ವೆಲ್ಡಿಂಗ್ ಹೊರಬೇಕು. ಅದು ಒಂದೇ ಸಮನೆ ಇರುವ ಭಾರವೂ ಅಲ್ಲ. ಯಂತ್ರ ನಿಂತಲ್ಲೇ ಇದ್ದರೂ ಸೆಕೆಂಡಿಗೆ 5 ಮೀಟರಿನ ಒಂದು ಗಾಳಿ ಬೀಸಿದರೆ ಸಾಕು, ತುದಿಯಲ್ಲಿ ಆಚೆ ಬದಿಗೂ ಈಚೆ ಬದಿಗೂ ಬಲದಲ್ಲಿ ಶೇ 13–14ರಷ್ಟು ಅಂತರ ಬೀಳುತ್ತದೆ. ಹುಬ್ಬಳ್ಳಿಯ ಆಷಾಢದ ಗಾಳಿಗೆ ಅದು ಯಾವ ಲೆಕ್ಕ. ಹೀಗೆ ಪ್ರತಿ ಸುತ್ತಿಗೂ ವೆಲ್ಡಿಂಗ್ ಒಮ್ಮೆ ಹೆಚ್ಚು ಬಾಗುತ್ತದೆ, ಒಮ್ಮೆ ಕಡಿಮೆ. ಒಂದು ಗಂಟೆಗೆ 30,000 ಬಾರಿ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಲೋಹದ ಆ ದಣಿವಿಗೆ ವೆಲ್ಡಿಂಗ್ ಮಾಡಿದ ಜಾಗ ಮೂಲ ಉಕ್ಕಿಗಿಂತ ಬಹಳ ಬೇಗ ಸೋಲುತ್ತದೆ. ದಪ್ಪ ಪಟ್ಟಿ ಹಾಕಿದರೆ ಪಟ್ಟಿ ಉಳಿದೀತು, ಬಿರುಕು ಪಟ್ಟಿ ಮುಗಿಯುವಲ್ಲಿ, ಮರದ ಬುಡದಲ್ಲಿ ಹುಟ್ಟೀತು. ಕಾಯಿಲೆ ಮನೆ ಬದಲಿಸಿತು, ಅಷ್ಟೇ.

ನಡುಕದ ವಿಷಯದಲ್ಲಿ ನೀವು ಕೊಟ್ಟ ಅಂಕಿಗಳಿಗೆ ನಿಮಗೆ ಶಹಬ್ಬಾಸ್ ಹೇಳಬೇಕು. ಅನೇಕರು ‘ತುಂಬಾ ನಡುಗುತ್ತದೆ’ ಎಂದಷ್ಟೇ ಬರೆಯುತ್ತಾರೆ. 400 ಸುತ್ತನ್ನು 60ರಿಂದ ಭಾಗಿಸಿ: 6.7. 460ನ್ನು ಭಾಗಿಸಿ: 7.7. ಅಂದರೆ ಸುತ್ತಿಗೆ ಸರಿಯಾಗಿ ಒಂದು ಕಂಪನ. ಇದೊಂದೇ ಅಂಕಿ ರೋಗವನ್ನು ಹೇಳಿಬಿಡುತ್ತದೆ. ರೋಟರಿನ ಹಬ್ ಒಂದು ಜರಡಿ ಇದ್ದ ಹಾಗೆ. ಬ್ಲೇಡುಗಳೆಲ್ಲ ತದ್ರೂಪವಾಗಿದ್ದರೆ, ಗಾಳಿಯ ಏರಿಳಿತಗಳಲ್ಲಿ ಹೆಚ್ಚಿನವು ಹಬ್‌ನಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ. ಬ್ಲೇಡುಗಳ ಸಂಖ್ಯೆಯಷ್ಟು ಮತ್ತು ಅದರ ಮಗ್ಗಿಯಷ್ಟು ಕಂಪನಗಳು ಮಾತ್ರ ಕೆಳಗಿಳಿದು ಬರುತ್ತವೆ. ಎರಡು ಬ್ಲೇಡಿದ್ದರೆ ಸುತ್ತಿಗೆ ಎರಡು, ನಾಲ್ಕು. ನಾಲ್ಕು ಬ್ಲೇಡಿದ್ದರೆ ನಾಲ್ಕು, ಎಂಟು. ಎರಡು ಬ್ಲೇಡಿನ ಹಳೆಯ ಹೆಲಿಕಾಪ್ಟರುಗಳು ದೂರದಿಂದಲೇ ಬಟ್ಟೆ ಒಗೆದಂತೆ ದಬದಬ ಬಡಿಯುವುದು ಎಲ್ಲರಿಗೂ ಗೊತ್ತು. ಒಳಗೆ ಕುಳಿತವರ ಮೈಗೆ ಸುತ್ತಿಗೆ ಎರಡರ ಆ ಬಡಿತ ನೇರವಾಗಿ ತಟ್ಟುತ್ತದೆ. ಆದರೆ ಸುತ್ತಿಗೆ ಒಂದು ಎನ್ನುವ ಕಂಪನ ಆ ಜರಡಿಯಿಂದ ಇಳಿಯಲೇಬಾರದು. ಇಳಿದಿದೆ ಎಂದರೆ ನಿಮ್ಮ ಬ್ಲೇಡುಗಳು ಅವಳಿಗಳಲ್ಲ.

ಮನೆಯ ಸೀಲಿಂಗ್ ಫ್ಯಾನ್ ಓಲಾಡುವುದೂ ಇದೇ ಕಾರಣಕ್ಕೆ. ಫ್ಯಾನಿಗೆ ಕ್ಷಮೆ ಇದೆ, ರೋಟರಿಗೆ ಇಲ್ಲ. ಬ್ಲೇಡಿನ ತುದಿಯಲ್ಲಿ 100 ಗ್ರಾಂ ವ್ಯತ್ಯಾಸವಿದ್ದರೆ 500 ಸುತ್ತಿನಲ್ಲಿ ಅದು ಸುಮಾರು 84 ಕಿಲೊ ಭಾರದ ಬಲವಾಗಿ ಹಬ್‌ನ ಸುತ್ತ ಗಿರಕಿ ಹೊಡೆಯುತ್ತದೆ. 10 ಗ್ರಾಂ ಆದರೆ ಎಂಟು ಕಿಲೊ ಮೀರಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರೀಕ್ಷಾ ಗೋಪುರದ ಮೇಲೆ ಒಂದು ರೋಟರ್ ಹಿಂದಿನ ದಿನ ಹಾಲಿನಂತೆ ತಿರುಗಿದ್ದು, ಬೆಳಗ್ಗೆ ನಡುಗತೊಡಗಿತು. ಅರ್ಧ ದಿನ ಗೇರ್‌ಬಾಕ್ಸ್, ಬೇರಿಂಗ್ ಎಲ್ಲವನ್ನೂ ಶಂಕಿಸಿದೆವು. ಕೊನೆಗೆ ನೋಡಿದರೆ ಒಂದು ಬ್ಲೇಡಿನ ತುದಿಗೆ ಅಂಟಿಸಿದ್ದ ಟೇಪಿನ ತುಂಡು ರಾತ್ರಿ ಮಳೆಗೆ ಕಳಚಿ ಬಿದ್ದಿತ್ತು. ಟೇಪ್ ಅಂಟಿಸಿದ್ದವನು ನಾನೇ.

ತೂಕ ಸಮವಾದರೆ ಸಾಲದು ಎನ್ನುವುದನ್ನೂ ಹೇಳಿಬಿಡುತ್ತೇನೆ. ಎರಡೂ ಬ್ಲೇಡುಗಳ ಭಾರಕೇಂದ್ರ ಬುಡದಿಂದ ಒಂದೇ ದೂರದಲ್ಲಿರಬೇಕು. ತಿರುವು, ಕೋನ ಒಂದೇ ಇರಬೇಕು. ಇಲ್ಲದಿದ್ದರೆ ಒಂದು ಬ್ಲೇಡು ಮೇಲೆ, ಒಂದು ಕೆಳಗೆ ಹಾದುಹೋಗುತ್ತದೆ. ಹಿಂದಿನ ಕಾಲದಲ್ಲಿ ಬ್ಲೇಡುಗಳ ತುದಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಕೋಲಿಗೆ ಕಟ್ಟಿದ ಬಟ್ಟೆಯನ್ನು ತಿರುಗುವ ತುದಿಗಳಿಗೆ ಮೆಲ್ಲನೆ ತಾಗಿಸುತ್ತಿದ್ದರು. ಬಣ್ಣದ ಗುರುತುಗಳು ಒಂದರ ಮೇಲೊಂದು ಬಿದ್ದರೆ ಸರಿ, ದೂರ ಬಿದ್ದರೆ ತಪ್ಪು. ನೀವು ಇದನ್ನು ದಯವಿಟ್ಟು ಮಾಡಬೇಡಿ. ಹತ್ತಿರ ಹೋಗದೆ ದೂರದಿಂದ ಸ್ಟ್ರೋಬ್ ದೀಪ (ಲಯಕ್ಕೆ ಸರಿಯಾಗಿ ಮಿನುಗುವ ದೀಪ) ಹಾಕಿ ನೋಡಬಹುದು. ಇದೆಲ್ಲಕ್ಕಿಂತ ಮುಖ್ಯವಾದದ್ದು, ಮನೆಯಲ್ಲಿ ಬ್ಲೇಡು ಕೆತ್ತುವವರು ಸಾಮಾನ್ಯವಾಗಿ ಮರೆಯುವಂಥದ್ದು, ಅಗಲದ ಕಡೆಯ ಭಾರಕೇಂದ್ರ. ಅದು ಬ್ಲೇಡಿನ ಮುಂಗಂಚಿನಿಂದ ಅಗಲದ ಕಾಲುಭಾಗದೊಳಗೆ ಇರಬೇಕು. ನಿಮ್ಮ 18 ಸೆಂಟಿಮೀಟರ್ ಬ್ಲೇಡಿಗೆ ಅಂದರೆ ನಾಲ್ಕೂವರೆ ಸೆಂಟಿಮೀಟರಿನೊಳಗೆ. ಬರೀ ಮರವಾದರೆ ಅದು ಶೇ 40ರ ಆಸುಪಾಸಿನಲ್ಲಿ ಬಿದ್ದಿರುತ್ತದೆ. ಹಾಗಿದ್ದರೆ ಬಾಗುವುದೂ ತಿರುಚುವುದೂ ಒಂದಕ್ಕೊಂದು ಕೈಜೋಡಿಸಿ ಬ್ಲೇಡು ಬಾವುಟದಂತೆ ಪಟಪಟಿಸಲು ತೊಡಗುತ್ತದೆ. ಅದನ್ನು ಫ್ಲಟರ್ ಎನ್ನುತ್ತಾರೆ. ಫ್ಲಟರ್ ಎಚ್ಚರಿಕೆ ಕೊಟ್ಟು ಬರುವುದಿಲ್ಲ. ಮುಂಗಂಚಿನೊಳಗೆ ಉಕ್ಕಿನ ಸರಳು ಕೂರಿಸುವುದು ಹಳೆಯ ಪರಿಹಾರ, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನು ನೀವು ಆಂಗಲ್ ಹಾಕಿ ಬಿಗಿ ಮಾಡಿದ ಕತೆ. ಚೌಕಟ್ಟಿಗೆ ತನ್ನದೇ ಒಂದು ಸಹಜ ಆವರ್ತನ ಇರುತ್ತದೆ. ಜೋಕಾಲಿಗೆ ತನ್ನದೇ ತೂಗಿನ ಲಯ ಇರುವ ಹಾಗೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಜೋಕಾಲಿಯನ್ನು ಮುಗಿಲಿಗೆ ಮುಟ್ಟಿಸುತ್ತದೆ. ನಿಮ್ಮ ಚೌಕಟ್ಟಿನ ಲಯ ಮೊದಲು 400 ಸುತ್ತಿನಲ್ಲಿತ್ತು. 500ಕ್ಕೆ ಏರಿಸುವಾಗ ಅದನ್ನು ದಾಟಿ ಹೋಗುತ್ತಿದ್ದಿರಿ. 500ರಲ್ಲಿ ನಿಂತಾಗ ನಡುಕ ಮೂಲ ಬಲಕ್ಕೆ ಸುಮಾರು 1.8 ಪಟ್ಟು ದೊಡ್ಡದಾಗುತ್ತಿತ್ತು. ಆಂಗಲ್ ಹಾಕಿ ಲಯವನ್ನು 460ಕ್ಕೆ ಏರಿಸಿದಿರಿ. ಅಂದರೆ ಅದನ್ನು ತಂದು ನೀವು ಕೆಲಸ ಮಾಡುವ 500ರ ಪಕ್ಕದಲ್ಲೇ ಕೂರಿಸಿದಿರಿ. ಈಗ ಅದೇ ಬಲ ಐದೂವರೆ ಪಟ್ಟು. ಚೌಕಟ್ಟು ಗಟ್ಟಿಯಾಯಿತು, ನಡುಕ ಮೂರು ಪಟ್ಟಾಯಿತು. ನೀವು ಕಂಡದ್ದು ಭ್ರಮೆಯಲ್ಲ.

ಎತ್ತುವ ಬಲದ ಲೆಕ್ಕವೂ ಇಲ್ಲೇ ಬಂದು ಸೇರುತ್ತದೆ. ರೋಟರ್ ಮೇಲಕ್ಕೆ ಎತ್ತಬೇಕಾದರೆ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. 6 ಮೀಟರ್ ವ್ಯಾಸಕ್ಕೆ 28 ಚದರ ಮೀಟರ್ ವಿಸ್ತಾರ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 650 ಮೀಟರಿಗೂ ಎತ್ತರದಲ್ಲಿದೆ. ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿ ಪಠ್ಯಪುಸ್ತಕದ ಗಾಳಿಗಿಂತ ಶೇ 14ರಷ್ಟು ತೆಳು. ಆ ಗಾಳಿಯಲ್ಲಿ 300 ಕಿಲೊ ಎತ್ತಲು ರೋಟರ್ ಗಾಳಿಯನ್ನು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಇಳಿಸಬೇಕು. ಯಾವ ನಷ್ಟವೂ ಇಲ್ಲದ ಆದರ್ಶ ರೋಟರಿಗೇ 28 ಅಶ್ವಶಕ್ತಿ ಬೇಕು. ಮನೆಯಲ್ಲಿ ಕೆತ್ತಿದ ಬ್ಲೇಡು ಆದರ್ಶದ ಶೇ 60ರಷ್ಟು ದಕ್ಷತೆ ತೋರಿದರೆ ಅದೇ ದೊಡ್ಡದು. ಆಗ 46 ಬೇಕಾಯಿತು. ನಿಮ್ಮ 50 ಅಶ್ವಶಕ್ತಿಯ ಎಂಜಿನ್ ಅದೇ ತೆಳು ಗಾಳಿಯನ್ನೇ ಉಸಿರಾಡುವುದರಿಂದ ಅಲ್ಲಿ ಕೊಡುವುದು 43ರಷ್ಟು. ಬಾಲದ ರೋಟರು, ಬೆಲ್ಟು, ಗೇರು ಸೇರಿ ಏಳೆಂಟು ತಿನ್ನುತ್ತವೆ. ಮುಖ್ಯ ರೋಟರಿಗೆ ಮುಟ್ಟುವುದು 35. ಬೇಕಾದದ್ದು 46, ಇರುವುದು 35. ಹಾಗಾದರೆ ಆ ಒಂದು ಗೇಣು ಹೇಗೆ ಎದ್ದಿತು ಎಂದರೆ, ನೆಲ ಹತ್ತಿರವಿದ್ದಾಗ ಇಳಿಯುವ ಗಾಳಿಗೆ ನೆಲ ಅಡ್ಡ ಬಂದು ಬೇಕಾದ ಶಕ್ತಿ ಕಡಿಮೆಯಾಗುತ್ತದೆ. ನೆಲ ಕೊಟ್ಟ ಸಾಲ ಅದು. ಮೇಲೆ ಹೋದಂತೆ ವಾಪಸು ಕೇಳುತ್ತದೆ.

ಕೋನ ಹೆಚ್ಚಿಸಿದಾಗ ಏನಾಯಿತು ನೋಡಿ. ಬ್ಲೇಡಿಗೆ ಗಾಳಿಯ ತಡೆ ಹೆಚ್ಚಿ, ಎಂಜಿನ್ ಸೋತು, ಸುತ್ತು 430ಕ್ಕೆ ಇಳಿಯಿತು. ಅದೇ ಕೋನದಲ್ಲಿ 500 ಸುತ್ತು ಕೊಡಬಹುದಾಗಿದ್ದ ಬಲದಲ್ಲಿ ಕಾಲುಭಾಗ ಸುತ್ತಿನ ಜೊತೆಗೇ ಹೋಯಿತು. ಆ 430 ಎನ್ನುವುದು ನಿಮ್ಮ ಚೌಕಟ್ಟಿನ ಹಳೆಯ ಲಯ 400ಕ್ಕೂ ಹೊಸ ಲಯ 460ಕ್ಕೂ ನಟ್ಟನಡುವೆ ಇದೆ. ಎತ್ತುವ ಬಲಕ್ಕೆಂದು ಮಾಡಿದ ಕೆಲಸ ಯಂತ್ರವನ್ನು ಎಳೆದುಕೊಂಡು ಹೋಗಿ ನಡುಕದ ಮಡುವಿಗೆ ಹಾಕಿತು.

ಧ್ರುವದ ಬಗ್ಗೆ ಕೇಳಿದಿರಿ. ಬೆಂಗಳೂರಿನಲ್ಲಿ 1992ರ ಆಗಸ್ಟ್ 20ರಂದು ಮೊದಲ ಬಾರಿ ಹಾರಿದ ಆ ಹೆಲಿಕಾಪ್ಟರಿನ ನಾಲ್ಕು ಬ್ಲೇಡಿನ ಮುಖ್ಯ ರೋಟರಿಗೆ ಮೇಲೆ ಕೆಳಗೆ ಆಡುವ ಲೋಹದ ಕೀಲುಗಳಿಲ್ಲ ಎನ್ನುವುದು ನಿಜ. ಕೀಲಿಲ್ಲ ಎಂದರೆ ಬಿಗಿ ಎಂದು ನೀವು ಅರ್ಥ ಮಾಡಿಕೊಂಡಿದ್ದೀರಿ, ಎಡವಿದ್ದು ಅಲ್ಲಿ. ಅದರ ಬ್ಲೇಡು ನಾರು ಮತ್ತು ರಾಳದ ಸಂಯುಕ್ತ ವಸ್ತುವಿನದು. ಬುಡದ ಹತ್ತಿರ ಎಷ್ಟು ಬಾಗಬೇಕೋ ಅಷ್ಟು, ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೆ ಬಾಗುವಂತೆ ನಾರುಗಳನ್ನು ಹೆಣೆದಿರುತ್ತಾರೆ. ಕೀಲಿನ ಕೆಲಸವನ್ನು ವಸ್ತುವೇ ಮಾಡುತ್ತದೆ; ನಿಮ್ಮ ದಬ್ಬೆ ಮಾಡಿದ್ದನ್ನೇ, ಆದರೆ ಲೆಕ್ಕವಿಟ್ಟು. ಇಷ್ಟಾದರೂ ಸುತ್ತಿಗೆ ನಾಲ್ಕು ಬಾರಿಯ ಕಂಪನ ಉಳಿದೇ ಉಳಿಯುತ್ತದೆ. ಅದಕ್ಕಾಗಿ ಗೇರ್‌ಬಾಕ್ಸನ್ನು ನೇರವಾಗಿ ಒಡಲಿಗೆ ಬಿಗಿಯದೆ ನಡುವೆ ಅರಿಸ್ ಎಂಬ ಕಂಪನ ತಡೆ ವ್ಯವಸ್ಥೆಯನ್ನು ಇಟ್ಟಿದ್ದಾರೆ. ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಹೋಗುವ ಅವಕಾಶ ಸಿಕ್ಕರೆ ಎಲ್ಲರೂ ಮೂತಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವಾಗ ನೀವು ಪಕ್ಕಕ್ಕೆ ಬಂದು ಹಬ್‌ನತ್ತ ತಲೆಯೆತ್ತಿ ನೋಡಿ.

ಹಾಗೆ ಲೆಕ್ಕವಿಟ್ಟು ಕೀಲು ಬಿಟ್ಟವರೂ ಪೆಟ್ಟು ತಿಂದಿದ್ದಾರೆ. ಅಮೆರಿಕದ ಲಾಕ್‌ಹೀಡ್ ಕಂಪನಿ 1960ರ ದಶಕದಲ್ಲಿ ಎಎಚ್-56 ಷಯೆನ್ ಎಂಬ ವೇಗದ ಯುದ್ಧ ಹೆಲಿಕಾಪ್ಟರನ್ನು ಬಿಗಿ ರೋಟರ್ ಹಾಕಿ ಕಟ್ಟಿತು. ಅದರಲ್ಲಿ ಎರಡು ಸುತ್ತಿಗೆ ಒಮ್ಮೆ ಬರುವ ವಿಚಿತ್ರ ಕುಪ್ಪಳಿಕೆಯೊಂದು ಕಾಣಿಸಿಕೊಂಡಿತು. 1969ರ ಮಾರ್ಚ್ 12ರಂದು ಅದನ್ನು ಅಳೆಯುತ್ತಿದ್ದ ಪರೀಕ್ಷಾ ಹಾರಾಟದಲ್ಲಿಯೇ ರೋಟರ್ ಒಡಲಿಗೆ ಬಡಿದು ಪೈಲಟ್ ತೀರಿಕೊಂಡ. ಅದೇ ವರ್ಷ ಗಾಳಿ ಸುರಂಗದಲ್ಲಿ ಪೂರ್ಣ ಗಾತ್ರದ ಇನ್ನೊಂದು ಯಂತ್ರ ನುಚ್ಚುನೂರಾಯಿತು. ಅಮೆರಿಕದ ಇನ್ನೊಂದು ಕಂಪನಿ ಸಿಕೋರ್ಸ್‌ಕಿಯವರು ಬಿಗಿ ಬ್ಲೇಡುಗಳ ಎರಡು ರೋಟರುಗಳನ್ನು ಒಂದರ ಮೇಲೊಂದು ಎದುರುಬದುರು ತಿರುಗಿಸಿ, ಎಡಬಲದ ಏರುಪೇರನ್ನು ಕೀಲಿಲ್ಲದೆಯೇ ಸರಿದೂಗಿಸಲು ಹೊರಟರು. 1973ರಲ್ಲಿ ಹಾರತೊಡಗಿದ ಎಕ್ಸ್‌ಎಚ್-59ಎ ವೇಗದಲ್ಲಿ ಗೆದ್ದಿತು, ನಡುಕದಲ್ಲಿ ಸೋತಿತು. ಅದೇ ವಿಚಾರ ಎಕ್ಸ್2 ಎಂಬ ಹೆಸರಿನಲ್ಲಿ 2010ರಲ್ಲಿ 250 ನಾಟ್, ಅಂದರೆ ಗಂಟೆಗೆ 463 ಕಿಲೋಮೀಟರ್ ಮುಟ್ಟಿದಾಗ ಅದರೊಳಗೆ ನಡುಕಕ್ಕೆ ಪ್ರತಿನಡುಕ ಹುಟ್ಟಿಸಿ ಅಳಿಸುವ ಕಂಪ್ಯೂಟರ್ ನಿಯಂತ್ರಿತ ಸಾಧನಗಳಿದ್ದವು. ಅವು ನಿಮ್ಮ ಬಳಿ ಇಲ್ಲ. ಆದ್ದರಿಂದ ಕೀಲು ಹಾಕಿ.

ಯಾವ ಕೀಲು? ಮೂರು ಬ್ಲೇಡಿನ ಪೂರ್ಣ ಕೀಲುಗಳ ಹಬ್‌ನ ಆಸೆ ಬೇಡ. ಮೇಲೆ ಕೆಳಗೆ ಆಡುವ ಬ್ಲೇಡು ಹಿಂದೆ ಮುಂದೆಯೂ ಓಲಾಡಬಯಸುತ್ತದೆ. ಅದಕ್ಕೆ ದಾರಿ ಕೊಡದೆ ಸಿಯೆರ್ವಾನ ಯಂತ್ರವೊಂದು 1927ರಲ್ಲಿ ಬ್ಲೇಡಿನ ಬುಡ ದಣಿದು ಮುರಿದು ಬಿತ್ತು. ಹಿಂದೆ ಮುಂದೆ ಆಡುವ ಕೀಲನ್ನೂ ಹಾಕಿದ. ಆಗ ಹೊಸ ಪಿಡುಗು ಬಂತು: ನೆಲದ ಮೇಲೆ ನಿಂತ ಯಂತ್ರದ ಬ್ಲೇಡುಗಳು ಒಂದು ಕಡೆ ಗುಂಪುಗೂಡಿ, ಚಕ್ರದ ಟೈರುಗಳ ಕುಲುಕಾಟದ ಜೊತೆ ಲಯ ಕೂಡಿ, ಕೆಲವೇ ಸೆಕೆಂಡುಗಳಲ್ಲಿ ಯಂತ್ರವನ್ನು ಚೂರು ಮಾಡುವ ನೆಲದ ಅನುರಣನ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಕೋಲ್‌ಮನ್ ಅದರ ಗಣಿತವನ್ನು ಬಿಡಿಸಿದ ಮೇಲೆಯೇ ಓಲಾಟ ತಗ್ಗಿಸುವ ಡ್ಯಾಂಪರುಗಳನ್ನು ಎಷ್ಟು ಬಿಗಿ ಇಡಬೇಕೆಂದು ತಿಳಿದದ್ದು. ನಿಮಗೆ ಆ ದಾರಿ ಬೇಡ.

ಎರಡು ಬ್ಲೇಡಿಗೆ ಏತದ ಕೀಲು ಸಾಕು. ಏತದ ಮರ ನಡುವಿನ ಒಂದೇ ಅಚ್ಚಿನ ಮೇಲೆ ತೂಗುವಂತೆ ಎರಡೂ ಬ್ಲೇಡುಗಳು ಒಂದೇ ತೊಲೆಯಾಗಿ ಷಾಫ್ಟಿನ ನೆತ್ತಿಯಲ್ಲಿ ತೂಗುತ್ತವೆ. ಒಂದು ಎದ್ದರೆ ಇನ್ನೊಂದು ಇಳಿಯುತ್ತದೆ. ಬೆಲ್ ಕಂಪನಿಗಾಗಿ ಆರ್ಥರ್ ಯಂಗ್ ಈ ಬಗೆಯ ರೋಟರನ್ನೇ ಪಳಗಿಸಿ, 1946ರಲ್ಲಿ ಬೆಲ್-47ಕ್ಕೆ ನಾಗರಿಕ ಪರವಾನಗಿ ಸಿಗುವಂತೆ ಮಾಡಿದರು. ತೊಲೆಯಲ್ಲೇ ಬ್ಲೇಡುಗಳನ್ನು ಮೊದಲೇ ಎರಡೂವರೆ ಮೂರು ಡಿಗ್ರಿ ಮೇಲಕ್ಕೆ ಓರೆಯಾಗಿಸಿ ಕೂರಿಸಿ; ಆಗ ಬುಡದ ಬಾಗುವಿಕೆಯ ಬಹುಪಾಲು ಇಲ್ಲವಾಗುತ್ತದೆ. ತೂಗುವ ಅಚ್ಚು ಬ್ಲೇಡುಗಳ ಭಾರಕೇಂದ್ರದ ಮಟ್ಟದಲ್ಲಿರಲಿ, ಅಂದರೆ ತೊಲೆಗಿಂತ ಸ್ವಲ್ಪ ಮೇಲೆ. ಬುಡದಲ್ಲಿ ಎಲ್ಲಿಯೂ ವೆಲ್ಡಿಂಗ್ ಬೇಡ. ಒಂದೇ ಗಟ್ಟಿಯಿಂದ ಲೇತ್ ಮತ್ತು ಮಿಲ್ಲಿಂಗ್‌ನಲ್ಲಿ ಕೊರೆಸಿ, ಬೋಲ್ಟ್ ಹಾಕಿ. ಈ ಕೀಲಿಗೂ ಒಂದು ದುರ್ಗುಣವಿದೆ: ಹಾರಾಟದಲ್ಲಿ ಮೈ ಹಗುರಾಗುವಂತೆ ಮೂತಿಯನ್ನು ಥಟ್ಟನೆ ಕೆಳಕ್ಕೆ ತಳ್ಳಿದರೆ ಹಬ್ ಷಾಫ್ಟಿಗೆ ಬಡಿದು ಷಾಫ್ಟೇ ತುಂಡಾಗಬಹುದು. ಅದು ಹಾರುವವರ ಚಿಂತೆ, ನೀವು ಇನ್ನೂ ಅಲ್ಲಿಗೆ ಬಂದಿಲ್ಲ.

ಚೌಕಟ್ಟಿಗೆ ಹಾಕಿದ ಆಂಗಲ್‌ಗಳನ್ನು ಕತ್ತರಿಸಿ ತೆಗೆಯಿರಿ. ಲಯವನ್ನು 500ರಿಂದ ತೀರ ಮೇಲಕ್ಕೆ, 720ರ ಹತ್ತಿರಕ್ಕೆ ಒಯ್ಯಬೇಕಾದರೆ ಮೊದಲಿನ ಚೌಕಟ್ಟಿನ ಮೂರು ಪಟ್ಟು ಬಿಗಿತ ಬೇಕು, ಆ ತೂಕವನ್ನು ನಿಮ್ಮ ಎಂಜಿನ್ ಎತ್ತಲಾರದು. ಕೆಳಕ್ಕೆ ಇಳಿಸುವುದೇ ಸುಲಭ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಂದೇ ತಟ್ಟೆಯ ಮೇಲೆ ಕೂರಿಸಿ (ಬೇರೆ ಬೇರೆ ಕೂರಿಸಿದರೆ ಬೆಲ್ಟು ಉಳಿಯುವುದಿಲ್ಲ), ತಟ್ಟೆಯ ಕೆಳಗೆ ರಬ್ಬರ್ ಮೌಂಟ್ ಕೊಡಿ. ಲಯ 300 ಸುತ್ತಿಗೆ ಇಳಿದರೆ 500ರಲ್ಲಿ ಸುತ್ತಿಗೆ ಒಂದರ ಕಂಪನ ಅರ್ಧಕ್ಕೆ ಹತ್ತಿರ ಬರುತ್ತದೆ, ಸುತ್ತಿಗೆ ಎರಡರದು ಹತ್ತರಲ್ಲೊಂದು ಭಾಗವಾಗುತ್ತದೆ. 300ನ್ನು ದಾಟುವಾಗ ಮಾತ್ರ ತಡಮಾಡಬೇಡಿ. ಸೆಕೆಂಡಿಗೆ ನಾಲ್ಕರಿಂದ ಎಂಟು ಕಂಪನ ಮನುಷ್ಯನ ಮೈಗೂ ಅತಿ ಕೆಟ್ಟದ್ದು.

ಎಂಜಿನ್ ಬದಲಿಸುವ ಮೊದಲು ತೂಕ ಇಳಿಸಿ. ಬೇಕಾದ ಶಕ್ತಿ ತೂಕಕ್ಕಿಂತ ವೇಗವಾಗಿ ಬದಲಾಗುತ್ತದೆ: 300 ಕಿಲೊ 250 ಆದರೆ 46 ಅಶ್ವಶಕ್ತಿ 35 ಆಗುತ್ತದೆ. ರೋಟರನ್ನೂ 7 ಮೀಟರಿಗೆ ಹಿಗ್ಗಿಸಿದರೆ 30ರ ಹತ್ತಿರ. ಆಗ ತುದಿಯ ವೇಗ ಉಳಿಸಿಕೊಳ್ಳಲು ಸುತ್ತು 430ಕ್ಕೆ ಇಳಿಯಬೇಕು, ಮೇಲೆ ಹೇಳಿದ ಲಯಗಳ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು.

ಮುಂದಿನ ಪರೀಕ್ಷೆಯಲ್ಲಿ ಸೀಟಿನಲ್ಲಿ ಮರಳಿನ ಮೂಟೆ ಕೂರಲಿ. ಥ್ರಾಟಲ್ ಹಗ್ಗ ಉದ್ದವಿರಲಿ, ನೀವು ಮೂವರೂ ಮಣ್ಣಿನ ದಿಬ್ಬದ ಹಿಂದೆ ಇರಿ. ಬ್ಲೇಡುಗಳು ತಿರುಗುವ ಮಟ್ಟದಲ್ಲಿ ಯಾವ ದಿಕ್ಕಿನಲ್ಲೂ ಯಾರೂ ನಿಂತಿರಬಾರದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿಯಿಲ್ಲದೆ ಮನುಷ್ಯರನ್ನು ಹೊತ್ತು ನೆಲ ಬಿಡುವಂತಿಲ್ಲ ಎನ್ನುವುದೂ ನೆನಪಿರಲಿ. ಅದಕ್ಕೂ ಮೊದಲು ಈ ವಾರ ಒಂದು ಕೆಲಸ ಮಾಡಿ. ಎರಡೂ ಬ್ಲೇಡುಗಳನ್ನು ಬಿಚ್ಚಿ, ಅಕ್ಕಸಾಲಿಗರ ತಕ್ಕಡಿಯಷ್ಟು ಅಲ್ಲದಿದ್ದರೂ ಐದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಆಮೇಲೆ ಒಂದು ಸಣ್ಣ ಪೈಪಿನ ಮೇಲೆ ಮೊದಲು ಉದ್ದಕ್ಕೆ, ನಂತರ ಅಗಲಕ್ಕೆ ಸಮತೂಗಿಸಿ, ಭಾರಕೇಂದ್ರ ಎಲ್ಲಿದೆ ಎಂದು ಗುರುತು ಹಾಕಿ. ಆ ಆರು ಅಂಕಿಗಳನ್ನು ಬರೆದು ಕಳುಹಿಸಿ. ಮುಂಗಂಚಿಗೆ ಎಷ್ಟು ದಪ್ಪದ ಸರಳು ಬೇಕೆಂದು ಹೇಳುತ್ತೇನೆ.